ಹನ್ನೆರಡು ನಿಮಿಷದ ಬಿಸಿಲು

ಹೋದ ತಿಂಗಳು ವಾಡಿಗೆ ಹೋಗಿದ್ದೆ. ನಾವು ಆ ಊರು ಬಿಟ್ಟು ಸೇಡಂಗೆ ಬಂದು ಮೂರು ವರ್ಷವಾಗಿದೆ. ಅಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಮೆಹಬೂಬ್‌ಬಿ ಮೊಣಕಾಲು ಹಿಡಿದುಕೊಂಡು ಮಲಗಿದ್ದಾಳೆ ಎಂದು ಕೇಳಿ ನೋಡಿ ಬರಲು ಹೋದವಳು, ಅವಳ ಮನೆಯ ಮಾಳಿಗೆಗೆ ಒಣಗಿದ ಬಟ್ಟೆ ತರಲು ಹತ್ತಿದೆ. ಅವಳ ಮಾಳಿಗೆಯಿಂದ ನಾವು ಇದ್ದ ಮನೆಯ ಮಾಳಿಗೆ ಕಾಣುತ್ತದೆ. ಅದೇ ಶಹಾಬಾದ ಪರ್ಸಿ ಕಲ್ಲಿನ ನೆಲ, ಅದರ ಮೇಲೆ ಬಾಗಿದ ಅದೇ ಬೇವಿನ ಟೊಂಗೆ. ಅಷ್ಟರಲ್ಲಿ ನಾಲ್ಕು ಹನಿ ಬಿತ್ತು. ಕಾದ ಪರ್ಸಿಯ ಮೇಲೆ ಮೊದಲ ಹನಿ ಬಿದ್ದಾಗ ಒಂದು ವಾಸನೆ ಏಳುತ್ತದೆ. ಮಣ್ಣಿನ ವಾಸನೆಯಲ್ಲ. ಸುಣ್ಣ, ಸಿಮೆಂಟಿನ ಧೂಳು, ಕಾವು ಮೂರೂ ಕೂಡಿದ ವಾಸನೆ. ಬಟ್ಟೆಯನ್ನು ಎದೆಗೆ ಒತ್ತಿಕೊಂಡು ಅಲ್ಲೇ ನಿಂತೆ. ಎರಡು ಸಾವಿರದ ಇಪ್ಪತ್ತರ ಜೂನ್ ತಿಂಗಳು ಆ ವಾಸನೆಯೊಳಗೆ ಹಾಗೇ ಇತ್ತು.

ಆ ವರ್ಷ ನನ್ನ ಮಗಳು ನೀಲಾಂಬಿಕಾ, ನಾವು ನೀಲು ಎನ್ನುತ್ತೇವೆ, ಹತ್ತನೆಯ ಕ್ಲಾಸಿನಲ್ಲಿದ್ದಳು. ಮಾರ್ಚಿನಲ್ಲಿ ಪರೀಕ್ಷೆ ಇನ್ನೇನು ಬಂತು ಎನ್ನುವಾಗ ಲಾಕ್‌ಡೌನಿನಲ್ಲಿ ಎಲ್ಲ ಬಂದ್ ಆಯಿತು. ಹಗಲು ರಾತ್ರಿ ಗಾಡಿಗಳ ಸದ್ದಿನಲ್ಲೇ ಇದ್ದ ವಾಡಿ ಜಂಕ್ಷನ್ ಒಮ್ಮೆಲೆ ಸುಮ್ಮನಾಯಿತು. ಮೊದಲ ವಾರ ನನಗೆ ನಿದ್ದೆಯೇ ಬರಲಿಲ್ಲ. ಪ್ಯಾಸೆಂಜರ್ ಗಾಡಿಗಳು ನಿಂತರೂ ಗೂಡ್ಸ್ ಓಡುತ್ತಿದ್ದವು. ನಮ್ಮವರು ಗೂಡ್ಸ್ ಗಾರ್ಡ್. ಹೀಗಾಗಿ ಮನೆಯಲ್ಲಿ ಹೆಚ್ಚಿನ ದಿನ ನಾನು, ನೀಲು, ನಮ್ಮತ್ತೆ ಮೂವರೇ. ಊರಿನ ಸಿಮೆಂಟ್ ಫ್ಯಾಕ್ಟರಿಯ ಭಟ್ಟಿಗಳೂ ಕೆಲವು ವಾರ ನಿಂತವು. ದಿನಾ ಬೆಳಿಗ್ಗೆ ತುಳಸಿ ಎಲೆಯ ಮೇಲೆ ಕೂರುತ್ತಿದ್ದ ಬಿಳಿ ಪುಡಿ ಇಲ್ಲವಾಯಿತು. ಬಟ್ಟೆ ಝಾಡಿಸಿದರೆ ಧೂಳು ಹಾರುತ್ತಿರಲಿಲ್ಲ. ಆಕಾಶಕ್ಕೆ ಅಂಥ ನೀಲಿ ಇದೆ ಎಂದು ಮದುವೆಯಾಗಿ ಬಂದು ಹದಿನೆಂಟು ವರ್ಷಕ್ಕೆ ನೋಡಿದೆ.

ನೀಲುವಿನ ಬಲಗೈಯ ಮೇಲೆ ಬಿಳಿ ಕಲೆ ಇತ್ತು. ಒಂಬತ್ತನೆಯ ಕ್ಲಾಸಿನಲ್ಲಿ ತೋರುಬೆರಳಿನ ಗಿಣ್ಣಿನ ಮೇಲೆ ಅಕ್ಕಿಕಾಳಿನಷ್ಟು ಕಾಣಿಸಿಕೊಂಡದ್ದು, ವರ್ಷ ತುಂಬುವುದರೊಳಗೆ ಅಂಗೈಯ ಹಿಂಬದಿಯ ಅರ್ಧಕ್ಕೆ ಹರಡಿತು. ಮನೆಯಲ್ಲಿ ಯಾರೂ ತೊನ್ನು ಎನ್ನುತ್ತಿರಲಿಲ್ಲ. 'ಕೈದು', ಅಂದರೆ ಕೈಯದು, ಎನ್ನುತ್ತಿದ್ದೆವು. 'ಕೈದು ಔಷಧ', 'ಕೈದು ಡಾಕ್ಟರ್'. ಅವಳು ಓಡಣಿಯ ತುದಿಯನ್ನು ಬಲಗೈಗೆ ಸುತ್ತಿಕೊಂಡೇ ಇರಲು ಕಲಿತಳು. ಬರೆಯುವಾಗ ಮಾತ್ರ ಬಿಚ್ಚಬೇಕು. ಕ್ಲಾಸಿನಲ್ಲಿ ಗೋಡೆಯ ಬದಿಗೆ ಕುಳಿತು ಎಡಗೈಯನ್ನು ಅಡ್ಡ ಹಿಡಿದು ಬರೆಯುತ್ತಾಳೆ ಎಂದು ಅವಳ ಟೀಚರ್ ಒಮ್ಮೆ ನನಗೆ ಹೇಳಿದ್ದರು. ಅಕ್ಷರ ಮಾತ್ರ ಮುತ್ತಿನಂಥವು. ಹತ್ತರಲ್ಲಿ ಚೆನ್ನಾಗಿ ಮಾಡಿ ಕಲಬುರಗಿಯ ಕಾಲೇಜಿನಲ್ಲಿ ಸೈನ್ಸ್ ಓದಬೇಕು ಎಂಬುದು ಅವಳ ಒಂದೇ ಮಾತು.

ಲಾಕ್‌ಡೌನಿಗೆ ಮುಂಚೆ, ಫೆಬ್ರುವರಿಯಲ್ಲಿ, ಕಲಬುರಗಿಯ ಚರ್ಮದ ಡಾಕ್ಟರ್ ಒಂದು ನೀರಿನಂಥ ಔಷಧ ಬರೆದುಕೊಟ್ಟಿದ್ದರು. ಹತ್ತಿಯ ಕಡ್ಡಿಯಿಂದ ಬಿಳಿ ಜಾಗಕ್ಕಷ್ಟೇ ಹಚ್ಚಬೇಕು. ಅರ್ಧ ತಾಸು ಬಿಟ್ಟು ಬಿಸಿಲಿಗೆ ಹಿಡಿಯಬೇಕು. ಆಮೇಲೆ ಸಾಬೂನಿನಿಂದ ತೊಳೆದು ಬಟ್ಟೆ ಸುತ್ತಿ, ಆ ದಿನವೆಲ್ಲ ನೆರಳಿನಲ್ಲಿ ಇರಬೇಕು. ದಿನ ಬಿಟ್ಟು ದಿನ, ಬೆಳಿಗ್ಗೆ ಹತ್ತರ ಬಿಸಿಲು. ಮೊದಲು ಒಂದೇ ನಿಮಿಷ, ಆಮೇಲೆ ಬಹಳ ನಿಧಾನವಾಗಿ ಏರಿಸಬೇಕು. "ಬಿಸಿಲಿನ ಬೆಳಕು ಬೇರೆ, ಕಾವು ಬೇರೆ" ಎಂದು ಅವರು ನೀಲುವಿಗೆ ಹೇಳಿದ್ದರು. "ಅದರಾಗ ಇನ್ನೊಂದು ಕಿರಣ ಅದ. ಅತಿನೇರಳೆ ಅಂತಾರ, ನೀ ಪುಸ್ತಕದಾಗ ಓದಿರಬೇಕು. ಅದು ಕಣ್ಣಿಗಿ ಕಾಣಂಗಿಲ್ಲ, ಕೈಗಿ ಬಿಸಿ ಹತ್ತಂಗಿಲ್ಲ. ಈ ಔಷಧಕ್ಕ ಬೇಕಾದ್ದು ಅದs. ಕಮ್ಮಿ ಆದ್ರ ಉಪಯೋಗಿಲ್ಲ, ಹೆಚ್ಚಾದ್ರ ಸುಡ್ತದ. ಗಡಿಯಾರ ನೋಡಿ ಮಾಡ್ರಿ, ಅಂದಾಜಿಲೆ ಬ್ಯಾಡ."

ಗಡಿಯಾರ ನೋಡಿಯೇ ಮಾಡಿದೆವು. ನಾನು ಶಹಾಬಾದಿನ ಕಾನ್ವೆಂಟಿನಲ್ಲಿ ಕಲಿತವಳು. ನಮ್ಮ ಸಿಸ್ಟರ್ ಲೂಸಿ ಪ್ರತಿಯೊಂದಕ್ಕೂ ಕೋಷ್ಟಕ ಬರೆಸುತ್ತಿದ್ದರು, ಮಳೆಯಾದದ್ದಕ್ಕೂ, ಅವರೆ ಬೀಜ ಮೊಳೆತದ್ದಕ್ಕೂ. ಆ ಅಭ್ಯಾಸದಲ್ಲೇ ಒಂದು ನೋಟ್‌ಬುಕ್ಕಿನಲ್ಲಿ ತಾರೀಖು, ಹಚ್ಚಿದ ವೇಳೆ, ಬಿಸಿಲಿನ ನಿಮಿಷ, ಮರುದಿನ ಚರ್ಮದ ಬಣ್ಣ ಬರೆದಿಡುತ್ತಿದ್ದೆ. ಏಪ್ರಿಲ್, ಮೇ ಎರಡೂ ತಿಂಗಳು ಊರು ಮುಚ್ಚಿಕೊಂಡಿದ್ದಾಗ ನಮ್ಮ ಮಾಳಿಗೆಯ ಮೇಲೆ ಈ ಒಂದು ಕೆಲಸ ತಪ್ಪದೆ ನಡೆಯಿತು. ಜೂನ್ ಹೊತ್ತಿಗೆ ಆರು ನಿಮಿಷಕ್ಕೆ ಬಂದಿದ್ದೆವು. ಮತ್ತು ಬಿಳಿಯ ನಡುವೆ ಚುಕ್ಕಿಗಳು ಮೂಡಿದ್ದವು, ಎಳ್ಳಿನ ತುದಿಯಷ್ಟು, ಕಂದು ಬಣ್ಣದವು. ನೀಲು ಭೂತಗನ್ನಡಿ ಹಿಡಿದು ಎಣಿಸುತ್ತಿದ್ದಳು.

"ಹನ್ನೊಂದ್ ಆದ್ವು ಮಮ್ಮಿ."

"ನಿನ್ನೆ ಹತ್ತಂದಿದ್ದಿ."

"ಒಂದು ಜರಾ ಮಬ್ಬಿತ್ತು. ಇವತ್ತ ಖರೇ ಆಗ್ಯದ."

ಅಷ್ಟರಲ್ಲಿ ಪರೀಕ್ಷೆಯ ತಾರೀಖು ಬಂತು. ಜೂನ್ ಕೊನೆಯ ಗುರುವಾರ ಶುರು. ಅದೇ ವಾರದ ಮೊದಲಿಗೆ, ಭಾನುವಾರ, ಮಣ್ಣೆತ್ತಿನ ಅಮಾವಾಸ್ಯೆ. ಅದೇ ದಿನ ಸೂರ್ಯಗ್ರಹಣ.

ಪರೀಕ್ಷೆ ಶುರುವಾದರೆ ಬೆಳಗಿನ ಹೊತ್ತು ಮಾಳಿಗೆ ಹತ್ತಲಾಗುವುದಿಲ್ಲ. ಅದಕ್ಕೂ ಹಿಂದಿನ ವಾರ ದಿನಾ ಬೆಳಿಗ್ಗೆ ಹನ್ನೊಂದರವರೆಗೆ ಮೋಡ ಮುಚ್ಚಿ ಮೂರು ಬಾರಿಯದು ತಪ್ಪಿತ್ತು. ಭಾನುವಾರವನ್ನೂ ಬಿಟ್ಟರೆ ಮೂಡಿದ ಚುಕ್ಕಿಗಳು ಅಳಿಸಿಹೋಗುತ್ತವೇನೋ ಎಂಬ ಹೆದರಿಕೆ ನನ್ನದು. ಶನಿವಾರ ಸಂಜೆ ಅಡಿಗೆಮನೆಯ ಕಟ್ಟೆಯ ಮೇಲೆ ಕಾಗದ ಇಟ್ಟುಕೊಂಡು ಲೆಕ್ಕ ಹಾಕಿದೆ. ನಮ್ಮ ಕಡೆ ಸೂರ್ಯ ಅರ್ಧದಷ್ಟು ಮುಚ್ಚುತ್ತಾನೆ ಎಂದು ಟಿ.ವಿ.ಯಲ್ಲಿ ಹೇಳಿದ್ದರು. ಹತ್ತೂಕಾಲರ ಸುಮಾರಿಗೆ ಹಿಡಿದು ಮಧ್ಯಾಹ್ನ ಒಂದೂವರೆಗೆ ಬಿಡುತ್ತದೆ. ಅರ್ಧ ಸೂರ್ಯ ಎಂದರೆ ಅರ್ಧ ಕಿರಣ. ಅರ್ಧ ಕಿರಣ ಎಂದರೆ ಎರಡರಷ್ಟು ಹೊತ್ತು. ಆರರ ಬದಲು ಹನ್ನೆರಡು ನಿಮಿಷ. ಸಿಸ್ಟರ್ ಲೂಸಿ ಇದ್ದಿದ್ದರೆ ಬೆನ್ನು ತಟ್ಟುತ್ತಿದ್ದರು ಎಂದುಕೊಂಡೆ.

ನೀಲುವಿಗೆ ತೋರಿಸಿದೆ. ಅವಳು ಓದುತ್ತಿದ್ದ ಪುಸ್ತಕದಿಂದ ತಲೆ ಎತ್ತಿ ಕಾಗದ ನೋಡಿದಳು.

"ಅರ್ಧಾ ಅಂದ್ರ ಯಾವ ಟೈಮಿಗಿ ಮಮ್ಮಿ?"

"ಗ್ರಹಣ ಇರೂತನಕ."

"ಇರೂತನಕ ಒಂದs ನಮೂನಿ ಇರ್ತದೇನು?"

"ನೀ ಮೊದ್ಲ ಇಂಗ್ಲಿಷ್ ಪ್ರಬಂಧ ಬಾಯಿಪಾಠ ಮಾಡು. ಇದು ನನಗ ಬಿಡು."

ಅವಳು ಪುಸ್ತಕಕ್ಕೆ ಮರಳಿದಳು. ಆ ಪ್ರಶ್ನೆಯನ್ನು ನಾನು ಅಷ್ಟು ಸಲೀಸಾಗಿ ಪಕ್ಕಕ್ಕೆ ಸರಿಸಿದೆ.

ಭಾನುವಾರ ಬೆಳಿಗ್ಗೆ ನಮ್ಮತ್ತೆ ಕಪ್ಪು ಮಣ್ಣು ಕಲಸಿ ಎತ್ತು ಮಾಡಲು ಕುಳಿತಿದ್ದರು. ಅವರು ಕುರಕುಂಟಾ ಹಳ್ಳಿಯವರು. ಅವರ ಬೆರಳಿಗೆ ಎತ್ತಿನ ಹೆಗಲಿನ ಇಣಿ, ಕೊಂಬು ಎಲ್ಲ ತಾನಾಗಿ ಬರುತ್ತದೆ. ಪೂಜೆ ಮಾತ್ರ ಗ್ರಹಣ ಬಿಟ್ಟ ಮೇಲೆ ಎಂದಿದ್ದರು. ಕಾಂಪೌಂಡಿನ ಆಚೆಯಿಂದ ಮೆಹಬೂಬ್‌ಬಿ ಕೂಗಿದಳು.

"ಅಕ್ಕಾ, ಇವತ್ತ ಛೋಕ್ರಿಗಿ ಮಾಳಿಗಿ ಮ್ಯಾಲ ಕರ್ಕೊಂಡ್ ಹೋಗಬ್ಯಾಡ್ರಿ. ಸೂರಜ್ ಗಹನ್ ಅದ. ನಮ್ಮ ಮನ್ಯಾಗ ನಮಾಜ್ ಮಾಡಿ ಒಳಗs ಕುಂದರ್ತಾರ."

ನಮ್ಮತ್ತೆ ಮಣ್ಣಿನ ಕೈ ಎತ್ತಿ ನಕ್ಕರು. "ಲಿಂಗ ಕಟ್ಟಿದವ್ರಿಗಿ ಎಂಥಾ ಸೂತಕ ಬೇ? ನಮ್ಮ ಅಣ್ಣನವ್ರು ವಚನದಾಗ ಅದನ್ನೆಲ್ಲಾ ಯಾವತ್ತೋ ತಗದ್ ಹಾಕ್ಯಾರ."

"ಹಂಗಾದ್ರ ಒನಕಿ ಯಾಕ ನಿಂದರ್ಸೀರಿ ಅಜ್ಜಿ? ನಂಗ ಇಲ್ಲಿಂದs ಕಾಣಸ್ಲಿಕತ್ತದ."

ನಡುಮನೆಯಲ್ಲಿ ಹಿತ್ತಾಳೆ ಪರಾತದಲ್ಲಿ ನೀರು ಹಾಕಿ ನಮ್ಮತ್ತೆ ಒನಕೆ ನಿಲ್ಲಿಸಿದ್ದು ನಿಜ. ಗ್ರಹಣ ಇರುವ ತನಕ ಒನಕೆ ನಿಲ್ಲುತ್ತದೆ, ಬಿಟ್ಟ ಕೂಡಲೆ ಬೀಳುತ್ತದೆ ಎಂಬುದು ಅವರ ತವರಿನ ಮಾತು. "ಅದು ಸೂತಕ ಅಲ್ಲಬೇ, ಗಡಿಯಾರ" ಎಂದರು. ಮೆಹಬೂಬ್‌ಬಿ ನಕ್ಕಳು, ನಾನೂ ನಕ್ಕೆ. ಬುಡ ಸಪಾಟಾದ ಒನಕೆ ಯಾವ ದಿನ ನಿಲ್ಲಿಸಿದರೂ ನಿಲ್ಲುತ್ತದೆ ಎಂದು ನನಗೆ ಗೊತ್ತಿತ್ತು.

ಹನ್ನೊಂದು ದಾಟಿದ ಮೇಲೆ ಔಷಧ ಹಚ್ಚಿದೆ. ಗ್ರಹಣ ಅರ್ಧಕ್ಕೆ ಬರುವುದು ಹನ್ನೆರಡಕ್ಕೆ ಸ್ವಲ್ಪ ಮೊದಲು ಎಂದು ಬೇಕೆಂದೇ ಆ ಹೊತ್ತು ಇಟ್ಟುಕೊಂಡಿದ್ದೆ. ಮಾಳಿಗೆ ಹತ್ತಿದಾಗ ಬೆಳಕು ಬದಲಾಗಿತ್ತು. ಮೋಡದ ಮಬ್ಬಲ್ಲ, ಸಂಜೆಯ ಮಬ್ಬೂ ಅಲ್ಲ. ಕಂದೀಲಿನ ಗಾಜಿನೊಳಗಿಂದ ನೋಡಿದ ಹಾಗೆ ಎಲ್ಲವೂ ತೆಳ್ಳಗೆ ಕಾಣುತ್ತಿತ್ತು. ಗಾಳಿ ತಣ್ಣಗಿತ್ತು. ಬೇವಿನ ಎಲೆಗಳ ಸಂದಿನಿಂದ ಪರ್ಸಿಯ ಮೇಲೆ ಬೀಳುವ ಬಿಸಿಲಿನ ಚುಕ್ಕೆಗಳು ದಿನಾ ದುಂಡಗಿರುತ್ತವೆ. ಆವತ್ತು ನೂರಾರು ಕುಡುಗೋಲು. ಮೇಲೆ ನೋಡಬಾರದೆಂದು ನೀಲುವನ್ನು ಸೂರ್ಯನಿಗೆ ಬೆನ್ನು ಮಾಡಿ ನಿಲ್ಲಿಸಿದ್ದೆ. ಅವಳು ನೆಲದ ಮೇಲಿನ ಕುಡುಗೋಲುಗಳನ್ನು ನೋಡುತ್ತ, "ಮಮ್ಮಿ, ಪಪ್ಪಾಗ ಫೋಟೋ ಕಳಸೂನು" ಎಂದಳು. ಸ್ಟೂಲಿನ ಮೇಲೆ ಬಿಳಿ ಬಟ್ಟೆ ಹಾಸಿ ಕೈ ಇಡಿಸಿದೆ. ಅಷ್ಟರಲ್ಲಿ ಶಹಾಬಾದ ದಿಕ್ಕಿನಿಂದ ಮೋಡ ಬಂದು ಸೂರ್ಯನನ್ನು ಪೂರ್ತಿ ನುಂಗಿತು.

ಕಾದೆವು. ಹನ್ನೆರಡಾಯಿತು. ಹನ್ನೆರಡೂಕಾಲಾಯಿತು. ಆಗ ಕೈ ತೊಳೆಸಿಬಿಡಬೇಕಿತ್ತು. ತೊಳೆದರೆ ಹಚ್ಚಿದ ಔಷಧ ಹಾಳಾಗುತ್ತದೆ ಎನ್ನಿಸಿತು. ಹನ್ನೆರಡು ಮೂವತ್ತೈದರ ಸುಮಾರಿಗೆ ಮೋಡ ಸರಿಯಿತು.

"ಮಮ್ಮಿ, ಈಗ ಆರs ನಿಮಿಷ ಮಾಡೂನೇನು?"

ನಾನು ಮೆಟ್ಟಿಲ ಬಾಯಿಗೆ ಬಂದು ಕೂಗಿದೆ. "ಅತ್ತಿ, ಗ್ರಹಣ ಬಿಟ್ಟದೇನ್ರಿ?"

"ಇನ್ನಾ ಎಲ್ಲಿ? ಒನಕಿ ನಿಂತೇ ಅದ ನೋಡವ್ವಾ."

"ಕೇಳಿದಿಲ್ಲೋ" ಎಂದೆ ನೀಲುವಿಗೆ, ನಗುತ್ತ. "ಇನ್ನಾ ಬಿಟ್ಟಿಲ್ಲ. ಹನ್ನೆರಡು."

ಪರ್ಸಿಯ ಮೇಲಿನ ಬೆಳಕಿನ ಚುಕ್ಕೆಗಳು ಆಗ ಕುಡುಗೋಲಾಗಿ ಉಳಿದಿರಲಿಲ್ಲ. ದಪ್ಪಗಾಗಿದ್ದವು, ಮಗು ಒಂದು ತುತ್ತು ಕಚ್ಚಿಬಿಟ್ಟ ರೊಟ್ಟಿಯ ಹಾಗೆ. ಅದನ್ನು ನಾನು ನೋಡಿದೆ. ಎಷ್ಟು ಚಂದ ಎಂದುಕೊಂಡೆ. ಸೂರ್ಯ ಮುಕ್ಕಾಲು ಹೊರಗೆ ಬಂದಿದ್ದಾನೆ ಎಂದು ಆ ಚುಕ್ಕೆಗಳು ನನ್ನ ಕಾಲ ಬಳಿಯೇ ಬರೆದು ತೋರಿಸುತ್ತಿದ್ದವು. ನಾನು ಮೊಬೈಲಿನ ಗಡಿಯಾರ ನೋಡುತ್ತಿದ್ದೆ.

ಆಮೇಲೆ ಎಲ್ಲವೂ ತಿಳಿಯಿತು, ತಡವಾಗಿ. ಗ್ರಹಣ ಎಂದರೆ ಹಿಡಿಯಿತು, ಬಿಟ್ಟಿತು ಎಂದು ಎರಡೇ ಅಲ್ಲ. ಚಂದ್ರ ಎಷ್ಟು ಮುಚ್ಚಿದ್ದಾನೋ ಸುಮಾರು ಅಷ್ಟೇ ಆ ಕಾಣದ ಕಿರಣ ನೆಲಕ್ಕೆ ಕಡಿಮೆ ಬೀಳುತ್ತದೆ. ಅವನು ಸರಿಯುತ್ತ ಹೋದಂತೆ ನಿಮಿಷ ನಿಮಿಷಕ್ಕೂ ಮರಳಿ ಬರುತ್ತದೆ. ಅರ್ಧ ಎಂಬುದು ಒಂದು ಗಳಿಗೆಯ ಮಾತು. ಆ ಗಳಿಗೆ ಮೋಡದೊಳಗೆ ಕಳೆದುಹೋಗಿತ್ತು. ಉಳಿದದ್ದು ಜೂನ್ ತಿಂಗಳ ನಡುಮಧ್ಯಾಹ್ನ. ಸೂರ್ಯ ನೆತ್ತಿಯ ಮೇಲಿದ್ದ. ನಮ್ಮ ಆರು ನಿಮಿಷಗಳು ಹತ್ತು ಗಂಟೆಯ ಓರೆ ಬಿಸಿಲಿನವು, ಅವನ್ನು ನೆತ್ತಿಯ ಬಿಸಿಲಿಗೆ ಅಳತೆಯಾಗಿ ಹಿಡಿದಿದ್ದೆ. ಹಿಂದಿನ ವಾರದ ಮಳೆ ಗಾಳಿಯಲ್ಲಿದ್ದ ಪುಡಿಯನ್ನೆಲ್ಲ ತೊಳೆದಿತ್ತು. ಔಷಧ ಒಂದು ತಾಸಿಗಿಂತ ಹೆಚ್ಚು ಚರ್ಮದಲ್ಲಿ ಇಳಿದಿತ್ತು. ಇಷ್ಟೆಲ್ಲ ಆಗಿಯೂ ತಂಪು ಗಾಳಿ ಬೀಸುತ್ತಿದ್ದುದರಿಂದ ಅವಳಿಗೆ ಏನೂ ಸುಡಲಿಲ್ಲ. ಒನಕೆಯನ್ನು ನೋಡಿ ನಕ್ಕವಳು ನಾನು, ಆದರೆ ಗ್ರಹಣವನ್ನು ಒನಕೆಯ ಹಾಗೆಯೇ ತಿಳಿದಿದ್ದೆ. ನಿಂತಿದ್ದರೆ ಇದೆ, ಬಿದ್ದರೆ ಇಲ್ಲ.

ನೋಟ್‌ಬುಕ್ಕಿನಲ್ಲಿ ಆವತ್ತಿನ ಸಾಲಿಗೆ '12' ಎಂದು ಬರೆದು ಪಕ್ಕದಲ್ಲಿ 'ಗ್ರಹಣ' ಎಂದು ಬರೆದೆ.

ಸೋಮವಾರ ಕೈ ಸ್ವಲ್ಪ ಗುಲಾಬಿ ಬಣ್ಣಕ್ಕಿತ್ತು. ಅದು ಯಾವಾಗಲೂ ಇರುವುದೇ. ಮಂಗಳವಾರ ಸಂಜೆ ಕೆಂಪಾಯಿತು, ಮುಟ್ಟಿದರೆ ಬಿಸಿ. ನೀಲು ಕೈಯನ್ನು ಎದೆಯ ಮಟ್ಟಕ್ಕೆ ಎತ್ತಿ ಹಿಡಿದುಕೊಂಡೇ ಓದುತ್ತಿದ್ದಳು. ಬುಧವಾರ ಬೆಳಿಗ್ಗೆ ಅಡಿಗೆಮನೆಗೆ ಬಂದು ಕೈ ಮುಂದೆ ಚಾಚಿದಳು. ಬಿಳಿ ಇದ್ದ ಜಾಗದಲ್ಲೆಲ್ಲ ಗುಳ್ಳೆ. ತೋರುಬೆರಳಿನ ಗಿಣ್ಣಿನ ಮೇಲೆ ಹುಣಸೆಬೀಜದಷ್ಟು ದೊಡ್ಡದು, ಒಳಗೆ ನೀರು ಹೊಳೆಯುತ್ತಿತ್ತು. ಹನ್ನೊಂದು ಚುಕ್ಕಿಗಳಲ್ಲಿ ಒಂದೂ ಕಾಣುತ್ತಿರಲಿಲ್ಲ. ಮರುದಿನ ಇಂಗ್ಲಿಷ್ ಪೇಪರ್.

"ಪೆನ್ ಹಿಡ್ಯಾಕ ಬರ್ತದೇನು ನೋಡು" ಎಂದೆ.

ಹಿಡಿದಳು. ಬೆರಳು ಮಡಚಿದ ಕೂಡಲೆ ಚರ್ಮ ಬಿಗಿದು ಕಣ್ಣಲ್ಲಿ ನೀರು ತುಂಬಿಕೊಂಡಿತು. ಪೆನ್ ಕೆಳಗಿಟ್ಟಳು.

ಕಲಬುರಗಿಯ ಡಾಕ್ಟರಿಗೆ ಫೋನ್ ಮಾಡಿದೆ. ಎಂಟು ಬಾರಿ ಮಾಡಿದ ಮೇಲೆ ಸಿಕ್ಕರು. ಮುಲಾಮಿನ ಹೆಸರು ಹೇಳಿದರು. ತಣ್ಣೀರಿನ ಬಟ್ಟೆ ಇಡ್ರಿ, ಗುಳ್ಳೆ ಒಡೀಬ್ಯಾಡ್ರಿ, ಬಿಸಿಲಿಗಿ ಒಂದು ಕಿರಣ ತಾಗಬಾರದು ಎಂದರು. ಫೋನ್ ಸ್ಪೀಕರಿನಲ್ಲಿತ್ತು. ನಮ್ಮತ್ತೆ ಬಾಗಿಲಲ್ಲಿ ನಿಂತಿದ್ದರು.

"ಎಷ್ಟು ನಿಮಿಷ ಹಿಡದಿದ್ರಿ?" ಎಂದು ಡಾಕ್ಟರ್ ಕೇಳಿದರು.

ನಾನು ಬಾಯಿ ತೆರೆದೆ. ಅದಕ್ಕೆ ಮೊದಲು ನೀಲು ಫೋನಿನ ಕಡೆ ಬಾಗಿದಳು. "ನಾನs ಹೆಚ್ಚಿಗಿ ಹೊತ್ತು ಇಟ್ಟೀನ್ರಿ ಸರ್. ಮಮ್ಮಿ ಕೆಳಗಿದ್ರು."

"ಜಾಣ ಹುಡುಗಿ ಅಂದ್ಕೊಂಡಿದ್ದೆನಲ್ಲವ್ವಾ. ಗಡಿಯಾರ ನೋಡ್ರಿ ಅಂತ ಹೇಳಿದ್ದಿಲ್ಲೇನು?"

"ಹೇಳಿದ್ರಿ ಸರ್. ತಪ್ಪಾತು."

ಅದನ್ನು ನಾನು ತಿದ್ದಲಿಲ್ಲ. ಫೋನ್ ಇಟ್ಟ ಮೇಲೂ ತಿದ್ದಲಿಲ್ಲ. ನಮ್ಮತ್ತೆ ಬಂದು ಅವಳ ತಲೆಯ ಮೇಲೆ ಕೈಯಿಟ್ಟರು. "ನೀ ಒಬ್ಬಾಕೇ ಅಲ್ಲ ಕೂಸೇ, ನಂದೂ ತಪ್ಪದ. ಸೂತಕ ಇಲ್ಲ ಅಂತ ದೊಡ್ಡ ಮಾತು ಆಡಿದೆ." ಮಧ್ಯಾಹ್ನ ಮೆಹಬೂಬ್‌ಬಿ ಮಂಜಿನ ಗಡ್ಡೆ ತಂದುಕೊಟ್ಟಳು. ನೋಡಿ ಕಣ್ಣೊರೆಸಿಕೊಂಡಳು. "ಗಹನ್ ಬಡೀತು ಅಕ್ಕಾ. ನಾ ಹೇಳಿದ್ದೆ" ಎಂದಳು. ಮೂವರು ಮೂರು ಕಡೆಯಿಂದ ತಪ್ಪನ್ನು ತಮ್ಮ ಕಡೆಗೋ ಆಕಾಶದ ಕಡೆಗೋ ಎಳೆದುಕೊಳ್ಳುತ್ತಿದ್ದರು. ನನ್ನ ಮೇಲೆ ಯಾರೂ ಹಾಕಲಿಲ್ಲ. ನನ್ನದೇ ಕೈಬರಹದ '12' ಮಾತ್ರ ಕಪಾಟಿನಲ್ಲಿತ್ತು.

ಶಾಲೆಗೆ ಫೋನ್ ಮಾಡಿದಾಗ ಬೇರೆಯವರಿಂದ ಬರೆಸಬಹುದು, ಆದರೆ ಅದಕ್ಕೆ ಅರ್ಜಿ, ಡಾಕ್ಟರ ಚೀಟಿ ಎಲ್ಲ ಬೇಕು, ನಾಳೆಗೆ ಆಗುವುದು ಕಷ್ಟ ಎಂದರು. ಮುಂದಿನ ಸಲ ಬರೆದರಾಯಿತು ಎಂದೂ ಮೆಲ್ಲಗೆ ಹೇಳಿದರು. ನೀಲು ತಲೆಯಾಡಿಸಿದಳು. ಪೆನ್ನಿಗೆ ಹತ್ತಿಬಟ್ಟೆ ಸುತ್ತಿ ದಪ್ಪ ಮಾಡಿಕೊಂಡು, ತೋರುಬೆರಳನ್ನು ನೆಟ್ಟಗೆ ಚಾಚಿಟ್ಟು, ಹೆಬ್ಬೆರಳು ಮತ್ತು ಉಂಗುರಬೆರಳಿನ ನಡುವೆ ಹಿಡಿದು ಸಂಜೆಯೊಳಗೆ ಬರೆಯುವುದನ್ನು ಕಲಿತಳು. ಆ ಮುತ್ತಿನಂಥ ಅಕ್ಷರಗಳು ಒಂದೊಂದೂ ಒಂದೊಂದು ಕಡೆ ಬಿದ್ದಿದ್ದವು.

ಗುರುವಾರ ಪರೀಕ್ಷಾ ಕೇಂದ್ರ ಚಿತ್ತಾಪುರದಲ್ಲಿ. ನಮ್ಮವರು ಡ್ಯೂಟಿಯಿಂದ ಬಂದಿರಲಿಲ್ಲ. ಮೆಹಬೂಬ್‌ಬಿಯ ಗಂಡ ಶಹಾಬಾದಿನಿಂದ ಪರ್ಸಿ ಸಾಗಿಸುವ ಮೂರು ಗಾಲಿಯ ಟಂಟಂನಲ್ಲಿ ನಮ್ಮಿಬ್ಬರನ್ನೂ ಕೂರಿಸಿಕೊಂಡು ಹೋದ. ಹಿಂದೆ ಎರಡು ಪರ್ಸಿ ಇನ್ನೂ ಇದ್ದವು. ಅವು ಅಲುಗಾಡದಂತೆ ಅವನು ನಿಧಾನವಾಗಿ ಓಡಿಸಿದನೋ, ಇವಳ ಕೈ ಅಲುಗಾಡದಂತೆ ಓಡಿಸಿದನೋ ಗೊತ್ತಿಲ್ಲ. ತೊಗರಿ ಬಿತ್ತಿದ ಹೊಲಗಳಲ್ಲಿ ಎರಡೆಲೆ ಒಡೆದಿತ್ತು. ನೀಲು ದಾರಿಯುದ್ದಕ್ಕೂ ಬಾಯಿಪಾಠ ಹೇಳಿಕೊಳ್ಳುತ್ತಿದ್ದಳು. ಬಲಗೈಗೆ ನನ್ನ ಹಳೆಯ ಮಲ್‌ಮಲ್ ಸೀರೆಯ ತುಂಡು ಸಡಿಲವಾಗಿ ಸುತ್ತಿತ್ತು.

ಗೇಟಿನ ಮುಂದೆ ಸುಣ್ಣದ ವೃತ್ತಗಳು. ಒಂದೊಂದರಲ್ಲಿ ಒಬ್ಬೊಬ್ಬ ಹುಡುಗಿ, ಎಲ್ಲರ ಬಾಯಿಗೂ ಮಾಸ್ಕು. ಹೆತ್ತವರು ಹಗ್ಗದ ಆಚೆ. ಗೇಟಿನಲ್ಲಿ ಒಬ್ಬ ಆಶಾ ಕಾರ್ಯಕರ್ತೆ ಹಣೆಗೆ ಜ್ವರದ ಯಂತ್ರ ಹಿಡಿದು, ಎರಡೂ ಕೈಗೆ ಸ್ಯಾನಿಟೈಸರ್ ಹಾಕಿ ಒಳಗೆ ಬಿಡುತ್ತಿದ್ದಳು. ಅದನ್ನು ನಾನು ಯೋಚಿಸಿಯೇ ಇರಲಿಲ್ಲ. ಸುಟ್ಟ ಚರ್ಮದ ಮೇಲೆ ಸ್ಪಿರಿಟ್.

ನೀಲು ಎಡಗೈ ಮಾತ್ರ ಚಾಚಿದಳು.

"ಎರಡೂ ಚಾಚಬೇಕವ್ವಾ."

"ಇದು ಬ್ಯಾಡ್ರಿ."

"ಬ್ಯಾಡ ಅಂದ್ರ ಹ್ಯಾಂಗ? ರೂಲ್ ಅದ. ಬಟ್ಟಿ ಬಿಚ್ಚು. ಏನಾಗ್ಯದ ಕೈಗಿ?"

ಸಾಲಿನಲ್ಲಿದ್ದ ಹುಡುಗಿಯರೆಲ್ಲ ತಿರುಗಿ ನೋಡಿದರು. ಎರಡು ವರ್ಷ ಅವಳು ಯಾವ ಕಣ್ಣುಗಳಿಂದ ಆ ಕೈಯನ್ನು ಉಳಿಸಿಕೊಂಡಿದ್ದಳೋ ಅವೇ ಕಣ್ಣುಗಳು. ನೀಲು ಮಾಸ್ಕಿನೊಳಗಿಂದ ಹೇಳತೊಡಗಿದಳು. "ನಾನs ಬಿಸಲಾಗ..."

"ಆಕಿ ಅಲ್ರಿ" ಎಂದೆ. ಹಗ್ಗದ ಆಚೆಯಿಂದ ಅಷ್ಟು ಜೋರಾಗಿ ನಾನು ಎಂದೂ ಮಾತಾಡಿದವಳಲ್ಲ. "ಆಕಿ ಏನೂ ಮಾಡಿಲ್ಲ. ನಾ ಸುಟ್ಟೀನ್ರಿ. ಔಷಧ ಹಚ್ಚಿ ಬಿಸಿಲಿಗಿ ಹಿಡ್ಯಾದಿತ್ತು. ಗ್ರಹಣದ ದಿನ ಲೆಕ್ಕ ತಪ್ಪಿ ಹೆಚ್ಚಿಗಿ ಹಿಡಿಸೀನಿ. ಆರ್ ನಿಮಿಷ ಸಾಕಂತ ಆಕಿ ಹೇಳಿದ್ಲು, ನಾ ಕೇಳಲಿಲ್ಲ. ತಪ್ಪು ನಂದದ."

ಆಶಾ ಕಾರ್ಯಕರ್ತೆ ನನ್ನನ್ನು ನೋಡಿದಳು, ಆಮೇಲೆ ನೀಲುವನ್ನು. ನೀಲು ನನ್ನ ಕಡೆ ನೋಡಲಿಲ್ಲ. ತಲೆ ತಗ್ಗಿಸಿ ಎಡಗೈಯಿಂದ ಬಟ್ಟೆಯನ್ನು ಒಂದೊಂದೇ ಸುತ್ತು ಬಿಚ್ಚಿದಳು. ಬಿಳಿ, ಕೆಂಪು, ಗುಳ್ಳೆ ಎಲ್ಲವೂ ಆ ಬೆಳಗಿನ ಬೆಳಕಿನಲ್ಲಿ ತೆರೆದುಕೊಂಡಿತು. ಕೈಯನ್ನು ಹಾಗೇ ಮುಂದೆ ಹಿಡಿದು ನಿಂತಳು.

ಆಶಾ ಕಾರ್ಯಕರ್ತೆ ಬಾಟಲಿ ಕೆಳಗಿಟ್ಟಳು. ತನ್ನ ಚೀಲದಿಂದ ಕುಡಿಯುವ ನೀರಿನ ಬಾಟಲಿ, ಸಾಬೂನಿನ ತುಂಡು ತೆಗೆದಳು. "ಬಾ ಯವ್ವಾ, ಈ ಕಡಿ ನೆಳ್ಳಿಗಿ. ಅಂಗೈ ತೊಳದ್ರ ಸಾಕು. ಮ್ಯಾಲ ಹನಿ ಬೀಳದಂಗ ಹಾಕ್ತೀನಿ." ಸಣ್ಣ ಧಾರೆಯಾಗಿ ನೀರು ಬಿಟ್ಟಳು. ಒರೆಸಲು ಸೆರಗು ಮುಂದೆ ಮಾಡಿ, ಸೋಂಕಿನ ಕಾಲ ಎಂದು ನೆನಪಾಗಿ ಹಿಂದೆ ತೆಗೆದಳು. "ಗಾಳಿಗಿ ಆರಲಿ" ಎಂದಳು. ನೀಲು ಬಟ್ಟೆಯನ್ನು ಮತ್ತೆ ಸುತ್ತಿಕೊಳ್ಳಲಿಲ್ಲ. ಮಡಚಿ ಜೇಬಿಗೆ ಹಾಕಿಕೊಂಡು ಒಳಗೆ ಹೋದಳು.

ಮೂರು ತಾಸು ರಸ್ತೆಯ ಆಚೆಯ ಹುಣಸೆಮರದ ಕೆಳಗೆ ಕುಳಿತಿದ್ದೆ. ಪಕ್ಕದಲ್ಲಿದ್ದ ಒಬ್ಬಾಕೆ ಸ್ವಲ್ಪ ದೂರ ಸರಿದು ಕುಳಿತಳು. ಇನ್ನೊಬ್ಬಾಕೆ, ತೆಂಗಳಿ ಊರಿನವಳು, ಚೀಲದಿಂದ ಭಜಿ ತೆಗೆದು ಕೊಟ್ಟಳು. "ನನ್ನ ಕೈಲೆ ನನ್ನ ಮಗನಿಗಿ ಬಿಸಿ ಗಂಜಿ ಬಿದ್ದಿತ್ರಿ. ಹದಿನೈದು ವರ್ಷಾತು. ಇವತ್ತಿಗೂ ಯಾರಿಗೂ ಹೇಳಿಲ್ಲ" ಎಂದಳು.

ಮುಂದಿನದನ್ನು ಇಲ್ಲೇ ಹೇಳಿಬಿಡುತ್ತೇನೆ. ಗುಳ್ಳೆಗಳು ಒಣಗಲು ಮೂರು ವಾರ ಬೇಕಾಯಿತು. ಸುಟ್ಟ ಅಂಚಿನ ಆಚೆಗೂ ಬಿಳಿ ಹರಡಿ ಮಣಿಕಟ್ಟಿನವರೆಗೆ ಬಂತು. ದಾರಿ ತೆರೆದ ಮೇಲೆ ಡಾಕ್ಟರ ಮುಂದೆ ಕುಳಿತು ನಿಜ ಹೇಳಿದೆ. ನೋಟ್‌ಬುಕ್ಕನ್ನೂ ಇಟ್ಟೆ. ಅವರು ಆ ಪುಟಗಳನ್ನು ಒಂದೊಂದಾಗಿ ತಿರುವಿ ನೋಡಿದರು. "ಇಷ್ಟು ಚಂದ ಬರದಿಡೋ ಪೇಷೆಂಟ್ ನಂಗ ಸಿಕ್ಕಿಲ್ಲ" ಎಂದಾಗ ನಾನು ತಲೆ ಎತ್ತಲಿಲ್ಲ. ಬೇರೆ ಔಷಧ ಶುರು ಮಾಡೋಣವೇ ಎಂದು ಅವರು ಕೇಳಿದ್ದಕ್ಕೆ ನೀಲು, "ಸದ್ಯ ಬ್ಯಾಡ್ರಿ ಸರ್. ನಂಗ ಬೇಕನಿಸಿದಾಗ ನಾನs ಬರ್ತೀನಿ" ಎಂದಳು. ಇನ್ನೂ ಹೋಗಿಲ್ಲ. ಈಗ ಕಲಬುರಗಿಯಲ್ಲಿ ಎಂ.ಎಸ್ಸಿ. ಓದುತ್ತಿದ್ದಾಳೆ. ಓಡಣಿ ಹೆಗಲ ಮೇಲೆಯೇ ಇರುತ್ತದೆ.

ಆವತ್ತು ಮಧ್ಯಾಹ್ನ ಒಂದೂವರೆ ದಾಟಿದ ಮೇಲೆ ಗಂಟೆ ಹೊಡೆಯಿತು. ಹುಡುಗಿಯರು ಒಬ್ಬೊಬ್ಬರಾಗಿ ಹೊರಗೆ ಬಂದರು. ಕೊನೆಯ ಸಾಲಿನಲ್ಲಿ ನೀಲು. ಬಲಗೈಯನ್ನು ಎಡಗೈಯಲ್ಲಿ ಎತ್ತಿ ಹಿಡಿದಿದ್ದಳು. ದೊಡ್ಡ ಗುಳ್ಳೆ ಒಡೆದಿತ್ತು. ಬೆರಳಿನ ಮೇಲೆ ಶಾಯಿಯೂ ಇತ್ತು. ಟಂಟಂನ ನೆರಳಿಗೆ ಕರೆದುಕೊಂಡು ಹೋಗಿ ನೀರು ಕುಡಿಸಿದೆ. ಏನು ಕೇಳಬೇಕೆಂದು ತಿಳಿಯದೆ, ಎಲ್ಲ ತಾಯಂದಿರು ಕೇಳುವುದನ್ನೇ ಕೇಳಿದೆ.

"ಪೇಪರ್ ಹೆಂಗಿತ್ತು?"

"ಬರದೀನಿ ಮಮ್ಮಿ. ಅಕ್ಷರ ಕಾಗಿ ಕಾಲಿನಂಗ ಬಂದಾವ. ಕಡೀದೊಂದು ನಾಕ್ ಮಾರ್ಕಿಂದು ಬಿಟ್ಟೀನಿ."

ನನ್ನ ಕಣ್ಣು ಅವಳ ಕೈಯ ಮೇಲೆ ಬಿತ್ತು. ಅವಳು ಅದನ್ನು ಕಂಡಳು. ಮಾಸ್ಕನ್ನು ಗದ್ದಕ್ಕೆ ಇಳಿಸಿ, ಬೆಳಗಿನಿಂದ ಮೊದಲ ಸಲ ನನ್ನ ಮುಖವನ್ನು ನೇರ ನೋಡಿದಳು.

"ಹಂಗ್ ನೋಡಬ್ಯಾಡ. ಆ ನಾಕ್ ಮಾರ್ಕಿಂದು ನಾ ಓದಿದ್ದs ಇದ್ದಿಲ್ಲ. ಅದನ್ನ ನಿನ್ನ ತಪ್ಪಿನ ಲೆಕ್ಕಿಗಿ ಹಿಡಿಯಂಗಿಲ್ಲ."